ಮುಚ್ಚಳದ ಒಳಗಿನ ಬರಹ

ವಾಚಜ್ಜನ ಕೈಗಡಿಯಾರ ಶುದ್ಧ ಕಲಸುಮೇಲೋಗರ ಎಂದು ಪರೀಕ್ಷಕರು ಹೇಳಿದ್ದು ಒಂದು ಭಾನುವಾರ ಬೆಳಗ್ಗೆ, ಗ್ರಂಥಾಲಯದ ಸಭಾಂಗಣದಲ್ಲಿ, ಅರವತ್ತು ಜನರ ಎದುರಿಗೆ. ಪಕ್ಕಕ್ಕೆ ಕರೆದು ಕಿವಿಯಲ್ಲಿ ಹೇಳಿದ್ದರೆ ಮುಂದಿನ ರಾದ್ಧಾಂತ ಯಾವುದೂ ಆಗುತ್ತಿರಲಿಲ್ಲ. ಆದರೆ ಅವರ ಮುಂದೆ ಮೈಕಿತ್ತು. ಮೈಕು ಸಿಕ್ಕವರು ಪಿಸುಗುಟ್ಟುವುದುಂಟೇ?

ಹಳೆಯ ಗಡಿಯಾರಗಳ ಪ್ರದರ್ಶನ ಅದು. ಜನ ತಾತ ಮುತ್ತಾತಂದಿರ ವಾಚುಗಳನ್ನು ಕರ್ಚೀಫಿನಲ್ಲಿ ಸುತ್ತಿಕೊಂಡು ಬಂದಿದ್ದರು. ಜೀವಮಾನವಿಡೀ ವಾಚು ರಿಪೇರಿ ಮಾಡಿದ ವಾಚಜ್ಜ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಮೊದಲ ಸಾಲಿನಲ್ಲಿ ಕೂತಿದ್ದ. ಅವನ ವಾಚು ಅವನಿಗೆ ಕೆಲಸ ಕಲಿಸಿದ ಗುರು ಕೊಟ್ಟದ್ದು. “ಒಂದು ಸ್ಕ್ರೂ ಬದಲಾಗಿಲ್ಲ, ಕಾರ್ಖಾನೆಯಿಂದ ಬಂದ ಹಾಗೇ ಇದೆ” ಎಂದು ಅವನು ಹೇಳುವುದನ್ನು ಕೇಳದವರು ಆ ಬೀದಿಯಲ್ಲಿ ಯಾರೂ ಇರಲಿಲ್ಲ. ಕೇಳಿ ಕೇಳಿ ಸುಸ್ತಾಗದವರೂ ಇರಲಿಲ್ಲ.

ಪರೀಕ್ಷಕರು ವಾಚಿನ ಹಿಂದಿನ ಮುಚ್ಚಳ ಬಿಚ್ಚಿ, ಭೂತಗನ್ನಡಿಯನ್ನು ಕಣ್ಣಿಗೆ ಸಿಕ್ಕಿಸಿಕೊಂಡು, ನಾಲ್ಕೇ ನಿಮಿಷ ನೋಡಿದರು.

“ಕೇಸು, ಡಯಲ್ಲು ಇದರದ್ದೇ. ಗಂಟೆ ಮುಳ್ಳೂ ಇದರದ್ದೇ. ಆದ್ರೆ ನಿಮಿಷದ ಮುಳ್ಳು ಬೇರೆ ಕಂಪನಿದು. ಕೀ ಕೊಡೋ ಗುಂಡಿ ಯಾವುದೋ ಅಗ್ಗದ ವಾಚಿಂದು. ಒಳಗೆ ಬ್ಯಾಲೆನ್ಸ್ ಚಕ್ರ, ಸ್ಪ್ರಿಂಗಿನ ಡಬ್ಬಿ, ಎರಡೂ ಹೊರಗಿಂದ ತಂದು ಹಾಕಿದ್ದು. ಇನ್ನು ಮುಚ್ಚಳ! ಕೇಸಿನ ಮೇಲೆ ನಾನೂರ ಹದಿನೇಳು ಅಂತ ನಂಬರಿದೆ, ಮುಚ್ಚಳದ ಮೇಲೆ ಒಂಬೈನೂರ ಎರಡು. ಎರಡೂ ಒಂದೇ ಇರಬೇಕು. ಸರಿಯಾಗಿ ಕೂರಲ್ಲ ಅಂತ ಸುತ್ತ ಮೇಣ ಬೇರೆ ಮೆತ್ತಿದ್ದಾರೆ ನೋಡಿ.”

ಸಭೆಯಲ್ಲಿ ನಗು ಎದ್ದಿತು. ವಾಚಜ್ಜ ನಗಲಿಲ್ಲ.

“ಸಾಧ್ಯವೇ ಇಲ್ಲ,” ಎಂದ. “ಇದು ನನ್ನ ಕೈ ಬಿಟ್ಟು ಎಲ್ಲಿಗೂ ಹೋಗಿಲ್ಲ. ಹೋದ ವಾರ ಎಣ್ಣೆ ಹಾಕೋಕೆ ಕೊಟ್ಟಿದ್ದೆ, ಅಷ್ಟೇ.”

ಹಾಗೆಂದವನು ಹಿಂದಕ್ಕೆ ತಿರುಗಿ, ಮೂರನೆಯ ಸಾಲಿನಲ್ಲಿದ್ದ ಸೊಸೆಯನ್ನು ನೋಡಿದ. ಬಾಯಲ್ಲಿ ಒಂದು ಮಾತೂ ಆಡಲಿಲ್ಲ. ಆಡಿದ್ದರೇ ಚೆನ್ನಾಗಿತ್ತು. ಅರವತ್ತು ಜನರೂ ಅವನ ಕಣ್ಣು ಹೋದ ಕಡೆಗೇ ತಿರುಗಿದರು, ಅವಳಿಗೆ ಕೂತಲ್ಲೇ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಸೊಸೆ ಈ ಮನೆಗೆ ಬಂದು ಹನ್ನೆರಡು ವರ್ಷ. ಗಂಡ ವಿದ್ಯುತ್ ಕಂಪನಿಯಲ್ಲಿ ಲೈನ್‌ಮನ್, ದಿನವಿಡೀ ಕಂಬದ ಮೇಲೆ ಇರುವವನು. ಆರು ವರ್ಷದ ಹಿಂದೆ ಮಾವನ ಕೈ ನಡುಗತೊಡಗಿದಾಗ ಅಂಗಡಿ ಮುಚ್ಚುವುದೇ ಸರಿ ಎಂದು ಎಲ್ಲರೂ ಅಂದಿದ್ದರು. ಅಂಗಡಿಯೆಂದರೆ ಏನು, ಒಂದು ಹಳೆಯ ಕಟ್ಟಡದ ಮೆಟ್ಟಿಲ ಕೆಳಗಿನ ಗಾಜಿನ ಗೂಡು. ಒಬ್ಬರು ಕೂತರೆ ಇನ್ನೊಬ್ಬರು ಉಸಿರು ಬಿಗಿಹಿಡಿದು ನಿಲ್ಲಬೇಕು. “ನಾನು ಕಲೀತೀನಿ ಮಾವ” ಎಂದು ಅವಳು ಅಂದಾಗ ನಕ್ಕವರೇ ಹೆಚ್ಚು. ವಾಚಜ್ಜ ನಗಲಿಲ್ಲ. ಒಂದು ಹಾಳಾದ ಅಲಾರಂ ಗಡಿಯಾರ ಅವಳ ಮುಂದಿಟ್ಟು, “ಬಿಚ್ಚು. ಬಿಚ್ಚಿದ ಹಾಗೇ ಜೋಡಿಸು. ಒಂದು ಚಕ್ರ ಉಳೀತೋ, ಮಧ್ಯಾಹ್ನ ಊಟ ಇಲ್ಲ,” ಎಂದ. ಆ ದಿನ ಮೂರು ಚಕ್ರ ಉಳಿದವು. ಆದರೂ ಇಬ್ಬರೂ ಕೂತು ಊಟ ಮಾಡಿದರು.

ಚಿಮಟ ಹಿಡಿಯುವುದು, ಸೂಜಿಮೊನೆಯಷ್ಟೇ ಎಣ್ಣೆ ಇಡುವುದು, ಉಸಿರು ಬಿಡುವಾಗ ಮುಖ ತಿರುಗಿಸುವುದು, ಎಲ್ಲ ಅವನೇ ಕಲಿಸಿದ್ದು. ಎಲ್ಲಕ್ಕಿಂತ ಮೊದಲು ಕಲಿಸಿದ್ದು ಒಂದು ನಿಯಮ. ವಾಚಿನ ಯಾವ ಭಾಗ ಬದಲಾಯಿಸಿದರೂ, ಯಾವ ದೋಷ ಸಿಕ್ಕರೂ, ಮುಚ್ಚಳದ ಒಳಮೈಯಲ್ಲಿ ಸೂಜಿಯಿಂದ ಕೊರೆದು ಬರೆಯಬೇಕು: ಏನು, ಯಾರಿಗೆ, ಯಾವ ತಾರೀಖು. “ನಾಳೆ ಇನ್ನೊಬ್ಬ ಬಿಚ್ಚಿದಾಗ ಅವನಿಗೆ ಗೊತ್ತಾಗಬೇಕು. ಬರೀದೆ ಮುಚ್ಚಿದೆಯೋ, ನೀನು ರಿಪೇರಿಯವಳಲ್ಲ, ಬರೀ ಬಿಚ್ಚೋಳು,” ಎನ್ನುತ್ತಿದ್ದ.

ಹೋದ ವಾರ ಮಾವ ಮೊತ್ತಮೊದಲ ಬಾರಿಗೆ ತನ್ನ ವಾಚು ಅವಳ ಕೈಗಿಟ್ಟಾಗ ಅವಳು ಹೆಮ್ಮೆಯಿಂದ ಎರಡು ಸಲ ಕೈ ತೊಳೆದು ಒರೆಸಿಕೊಂಡಿದ್ದಳು. ಮುಚ್ಚಳ ಬಿಚ್ಚಿ ನೋಡಿದರೆ, ಪರೀಕ್ಷಕರು ನಾಲ್ಕು ನಿಮಿಷದಲ್ಲಿ ಕಂಡದ್ದು ಅವಳಿಗೆ ಎರಡೇ ನಿಮಿಷದಲ್ಲಿ ಕಂಡಿತು. ಮುಚ್ಚಳದ ಒಳಗೆ ಒಂದಕ್ಷರವೂ ಇರಲಿಲ್ಲ. ಇಂಥ ದೊಡ್ಡ ಕೆಲಸಗಾರನಿಗೆ ತನ್ನ ವಾಚಿನೊಳಗೆ ಏನಿದೆಯೆಂದು ತಿಳಿಯದೇ ಇರುತ್ತದೆಯೇ? ‘ಒಂದು ಸ್ಕ್ರೂ ಬದಲಾಗಿಲ್ಲ’ ಅನ್ನುವುದು ಮಾವನ ಜಂಬ, ಇರಲಿ ಬಿಡು, ವಯಸ್ಸಾದವರಿಗೆ ಅಷ್ಟೂ ಬೇಡವೇ, ಎಂದುಕೊಂಡಳು. ಎಣ್ಣೆ ಹಾಕಿ, ಸುತ್ತ ಮತ್ತೆ ಮೇಣ ಮೆತ್ತಿ, ಸುಮ್ಮನೆ ಮುಚ್ಚಿಬಿಟ್ಟಳು.

ಆ ಭಾನುವಾರ ಮಧ್ಯಾಹ್ನ ಊಟದ ಮೇಜಿನ ಸುತ್ತ ಐದು ಜನ. ಗಂಡನ ಅಕ್ಕ ಎರಡು ಬೀದಿ ಆಚೆ ಇರುವವಳು, ಆಸ್ಪತ್ರೆಯಲ್ಲಿ ಹಿರಿಯ ನರ್ಸು; ಮನೆಯವರಿಗೂ ಊರಿಗೂ ನರ್ಸಕ್ಕ. ಭಾನುವಾರದ ಊಟಕ್ಕೆ ತಪ್ಪದೆ ಬರುತ್ತಿದ್ದಳು, ಬಂದು ತಪ್ಪದೆ ಎಲ್ಲರಿಗೂ ಬುದ್ಧಿ ಹೇಳುತ್ತಿದ್ದಳು. ಇನ್ನೊಬ್ಬಳು ಹತ್ತು ವರ್ಷದ ಮೊಮ್ಮಗಳು. ಬಾಯಿಗೆ ಬಿಡುವೇ ಇಲ್ಲದ್ದರಿಂದ ಅವಳಿಗೆ ಪಟಾಕಿ ಎಂದೇ ಹೆಸರು.

“ನೇರವಾಗಿ ಕೇಳ್ತೀನಿ,” ಎಂದಳು ನರ್ಸಕ್ಕ. “ಅಪ್ಪನ ವಾಚಿಂದ ಏನಾದ್ರೂ ತೆಗೆದ್ಯಾ?”

“ಇಲ್ಲ ಅಕ್ಕ.”

“ಮತ್ತೆ ಬಿಚ್ಚಿದಾಗ ನಿನಗೇನೂ ಕಾಣಲಿಲ್ವಾ?”

ಸೊಸೆ ಸುಳ್ಳು ಹೇಳಬಹುದಿತ್ತು. “ಕಂಡಿತು. ಭಾಗಗಳು ಬೇರೆ ಬೇರೆ ಅಂತ ಗೊತ್ತಾಯ್ತು,” ಎಂದಳು.

ವಾಚಜ್ಜ ತಟ್ಟೆಯಿಂದ ತಲೆ ಎತ್ತಿದ. “ನೋಡಿ ಸುಮ್ಮನಿದ್ದೆಯಾ?”

“ನಿಮಗೆ ಗೊತ್ತಿರುತ್ತೆ ಅಂದ್ಕೊಂಡೆ ಮಾವ.”

“ನನಗೆ ಗೊತ್ತಿತ್ತು! ನನ್ನ ವಾಚಲ್ಲಿ ಏನಿತ್ತು ಅಂತ ನನಗೆ ಚೆನ್ನಾಗಿ ಗೊತ್ತಿತ್ತು. ನಿನ್ನ ಕೈಗೆ ಕೊಟ್ಟಾಗ ಎಲ್ಲ ಸರಿಯಾಗಿತ್ತು. ನಿನ್ನ ಕೈಯಿಂದ ಬಂದಾಗ ಹೀಗಾಗಿದೆ.”

“ಅಪ್ಪ, ಏನು ಮಾತಾಡ್ತಿದ್ದೀಯ?” ಎಂದ ಲೈನ್‌ಮನ್.

“ನಾನು ಮಾತಾಡ್ತಿಲ್ಲಪ್ಪ. ಮೈಕಲ್ಲಿ ಅವರು ಮಾತಾಡಿದ್ರು.”

“ಅಮ್ಮ ಯಾಕೆ ಅಜ್ಜನ ಚಕ್ರ ಕದೀತಾಳೆ?” ಎಂದಳು ಪಟಾಕಿ. “ಅವಳ ಹತ್ರ ಡಬ್ಬಿ ತುಂಬಾ ಚಕ್ರ ಇದೆಯಲ್ಲ?”

ಕದಿಯುವುದು ಎಂಬ ಮಾತನ್ನು ಅಷ್ಟುಹೊತ್ತು ದೊಡ್ಡವರೆಲ್ಲ ಸುತ್ತುಬಳಸಿ ತಪ್ಪಿಸಿಕೊಂಡಿದ್ದರು. ಮಗು ಅದನ್ನು ತಂದು ಮೇಜಿನ ಮಧ್ಯೆ ಇಟ್ಟಿತು. ವಾಚಜ್ಜ ಬಡಿಸಿದ ಅನ್ನವನ್ನು ಹಾಗೇ ಬಿಟ್ಟು ಎದ್ದ. ಸಂಜೆ ಅಂಗಡಿಗೆ ಹೋಗಿ ತನ್ನ ಭೂತಗನ್ನಡಿ, ಚಿಮಟ, ಕೊರೆಯುವ ಸೂಜಿ ಎಲ್ಲವನ್ನೂ ಬಟ್ಟೆಯಲ್ಲಿ ಸುತ್ತಿ ಮನೆಗೆ ತಂದು ಟ್ರಂಕಿನೊಳಗೆ ಇಟ್ಟು ಬೀಗ ಹಾಕಿದ. “ನಾಳೆಯಿಂದ ಅಂಗಡೀಲಿ ನಾನು ಕೂರ್ತೀನಿ,” ಎಂದ.

ರಿಪೇರಿ ಮಾಡುವವರಿಗೆ ಬೇರೆ ಏನಿಲ್ಲದಿದ್ದರೂ ನಡೆಯುತ್ತದೆ, ಹೆಸರಿಲ್ಲದಿದ್ದರೆ ನಡೆಯುವುದಿಲ್ಲ. ಜನ ತೀರಿಕೊಂಡ ತಂದೆಯ ವಾಚನ್ನು ತಂದು ಕೈಗಿಟ್ಟು ಹೋಗುತ್ತಾರೆ. ಒಳಗೆ ಏನಾಗುತ್ತದೆಂದು ಅವರಿಗೆ ಕಾಣುವುದಿಲ್ಲ, ನಂಬಿಕೊಂಡು ಹೋಗುತ್ತಾರೆ ಅಷ್ಟೆ. ಸೋಮವಾರ ಬೆಳಗ್ಗೆ, ಮಾವ ಬರುವ ಮೊದಲೇ, ಅಂಗಡಿಗೆ ಒಬ್ಬ ಬಡಗಿ ಬಂದ. ಎರಡು ದಿನದ ಹಿಂದೆ ಕೊಟ್ಟಿದ್ದ ವಾಚನ್ನು ವಾಪಸು ಕೇಳಿದ.

“ಇನ್ನೂ ಬಿಚ್ಚಿಲ್ಲ ಅಣ್ಣ,” ಎಂದಳು ಸೊಸೆ.

“ಅದಕ್ಕೇ. ಬಿಚ್ಚೋದು ಬೇಡ. ನಮ್ಮಪ್ಪಂದಮ್ಮ, ಎಲ್ಲ ಒರಿಜಿನಲ್ಲು,” ಎಂದು ಮುಖ ನೋಡದೆ ಹೇಳಿದ.

ಪಕ್ಕದ ಜೆರಾಕ್ಸ್ ಅಂಗಡಿಯವನು ತನ್ನ ಯಂತ್ರ ನಿಲ್ಲಿಸಿ ಕಿವಿಗೊಟ್ಟ. ಅವನ ಕಿವಿಗೆ ಬಿದ್ದದ್ದು ಸಂಜೆಯೊಳಗೆ ನೂರು ಪ್ರತಿಯಾಗುತ್ತಿತ್ತು. ಅವಳು ವಾಚು ಕೊಟ್ಟು, ಗಾಜು ಒರೆಸಿ, ಮಾವನಿಗೆ ಕುರ್ಚಿ ಬಿಟ್ಟುಕೊಟ್ಟು ಮನೆಗೆ ಬಂದಳು. ದಾರಿಯಲ್ಲಿ ಅಳಲಿಲ್ಲ. ಮನೆಗೆ ಬಂದು ಈರುಳ್ಳಿ ಹೆಚ್ಚುತ್ತ ಬೇಕಾದಷ್ಟು ಅತ್ತಳು.

ಆ ವಾರದಿಂದ ವಾಚಜ್ಜ ಅವಳು ಬಡಿಸಿದ್ದನ್ನು ಮುಟ್ಟಲಿಲ್ಲ. ಊಟದ ಹೊತ್ತಿಗೆ ಬೇಕರಿಯಿಂದ ಬ್ರೆಡ್ಡು ತಂದು ತನ್ನ ಕೋಣೆಯಲ್ಲಿ ಹಾಲಿಗೆ ಅದ್ದಿ ತಿನ್ನುತ್ತಿದ್ದ. ಸೊಸೆ ಮಾತ್ರ ದಿನಾ ಅವನ ತಟ್ಟೆ ಇಟ್ಟೇ ಇಡುತ್ತಿದ್ದಳು. ಆಮೇಲೆ ಹಾಗೇ ತೆಗೆಯುತ್ತಿದ್ದಳು.

“ಹಟ ಮಾಡಬೇಡ, ನೀನೇ ಒಂದು ಮಾತು ಹೇಳಿಬಿಡು,” ಎಂದ ಗಂಡ.

“ಏನಂತ?”

“ತಪ್ಪಾಯ್ತು ಅಂತ. ಅವರಿಗೆ ಸಮಾಧಾನ ಆಗುತ್ತೆ.”

“ಕದ್ದಿದ್ದು ತಪ್ಪಾಯ್ತು ಅಂತ ಹೇಳಲಾ? ನಾಳೆ ಪಟಾಕೀನ ಶಾಲೇಲಿ ಯಾರಾದ್ರೂ ಕೇಳಿದ್ರೆ, ಹೌದು ನಮ್ಮಮ್ಮ ಒಪ್ಕೊಂಡಿದ್ದಾಳೆ ಅಂತ ಹೇಳಬೇಕಾ?”

ಲೈನ್‌ಮನ್ ಟೋಪಿ ಹಾಕಿಕೊಂಡು ಕೆಲಸಕ್ಕೆ ಹೊರಟ. ಹೈಟೆನ್ಷನ್ ತಂತಿಗೆ ಹೆದರದ ಮನುಷ್ಯ, ಅಪ್ಪನಿಗೂ ಹೆಂಡತಿಗೂ ನಡುವೆ ಕೈ ಹಾಕಲು ಹೆದರುತ್ತಿದ್ದ.

ಎರಡನೆಯ ವಾರ ಅಡುಗೆಮನೆಯ ಕಪಾಟಿನಲ್ಲಿ ಬ್ರೆಡ್ಡು ತುಂಬತೊಡಗಿತು.

“ಅಮ್ಮ, ಅಜ್ಜ ಇವತ್ತು ಮೂರನೇ ಬ್ರೆಡ್ಡು ತಂದ,” ಎಂದು ಪಟಾಕಿ ವರದಿ ಒಪ್ಪಿಸಿದಳು. “ಒಂದು ಬೆಳಗ್ಗೆ, ಒಂದು ಅಂಗಡಿಗೆ ಹೋಗೋವಾಗ, ಒಂದು ಈಗ. ಒಂದು ಇದೆಯಲ್ಲ ಅಜ್ಜ ಅಂದ್ರೆ, ‘ಅದು ನಿನ್ನೇದು’ ಅಂದ. ಬಿಸಿ ಇದೆ ಅಮ್ಮ, ನಿನ್ನೇದು ಹೇಗೆ ಬಿಸಿ ಇರುತ್ತೆ?”

ಸೊಸೆ ಬ್ರೆಡ್ಡಿನ ಕಟ್ಟುಗಳನ್ನು ನೋಡುತ್ತ ನಿಂತಳು. ಮೊದಲೆಲ್ಲ ಮಾವ ತನ್ನ ವಾಚಿನ ಬಗ್ಗೆ ‘ಗುರು ಕೊಟ್ಟದ್ದು’ ಎಂದಷ್ಟೇ ಹೇಳುತ್ತಿದ್ದ. ‘ಒಂದು ಸ್ಕ್ರೂ ಬದಲಾಗಿಲ್ಲ’ ಎಂಬ ಮಾತು ಶುರುವಾದದ್ದು ಈ ಮೂರು ನಾಲ್ಕು ವರ್ಷದಿಂದ. ಆಗಾಗ ಮೊಮ್ಮಗಳನ್ನು ಮಗಳ ಹೆಸರಿನಿಂದ ಕರೆಯುತ್ತಿದ್ದ. ಹೋದ ತಿಂಗಳು ಅಂಗಡಿಯ ಬೀಗ ಹಾಕಿ, ಬೀಗದ ಕೈಯನ್ನು ಒಳಗೇ ಬಿಟ್ಟು ಬಂದಿದ್ದ. ಇದನ್ನೆಲ್ಲ ಬಿಡಿಬಿಡಿಯಾಗಿ ನೋಡಿ ನಕ್ಕಿದ್ದರು. ಒಟ್ಟಿಗೆ ಇಟ್ಟು ನೋಡಿದವರು ಯಾರೂ ಇರಲಿಲ್ಲ.

ಗಂಡನಿಗೆ ಹೇಳಿದಳು. ಅವನ ಮುಖ ಗಂಟಾಯಿತು. “ಇನ್ನೊಂದು ಸಲ ಹೀಗೆ ಏನಾದ್ರೂ ಆದ್ರೆ ಅಪ್ಪನ್ನ ಅಂಗಡಿಗೆ ಕಳಿಸೋದೇ ಬೇಡ. ರಸ್ತೆ ದಾಟಬೇಕು. ಮನೇಲೇ ಇರಲಿ.”

“ಮನೇಲಿ ಕೂರಿಸಿದ್ರೆ ಅವರು ಒಂದು ತಿಂಗಳು ಉಳಿಯಲ್ಲ.”

“ಮತ್ತೇನು ಮಾಡೋದು, ಹೇಳು?”

ಅವಳಿಗೂ ಗೊತ್ತಿರಲಿಲ್ಲ. ಅಂಗಡಿಯಲ್ಲಿ ಮಾವ ಕೆಲಸವನ್ನೇನೂ ಮಾಡುತ್ತಿರಲಿಲ್ಲ. ಬಂದ ವಾಚುಗಳನ್ನು ತೆಗೆದುಕೊಂಡು ಡ್ರಾಯರಿನಲ್ಲಿ ಇಡುತ್ತಿದ್ದ. ನಡುಗುವ ಕೈಯಲ್ಲಿ ಸ್ಕ್ರೂ ನಿಲ್ಲುತ್ತಿರಲಿಲ್ಲ. ಕೇಳಿದವರಿಗೆ “ಸ್ಪೇರು ಬಂದಿಲ್ಲ” ಎನ್ನುತ್ತಿದ್ದ.

ಆ ಡ್ರಾಯರಿಗೆ ನರ್ಸಕ್ಕನ ವಾಚೂ ಬಿತ್ತು. ಇಪ್ಪತ್ತೊಂದು ವರ್ಷದ ಹಿಂದೆ ಅವಳಿಗೆ ಕೆಲಸ ಸಿಕ್ಕಾಗ ಅಪ್ಪ ಕೊಟ್ಟದ್ದು, ಅಪ್ಪನದೇ ಕಂಪನಿಯ ಅದೇ ಮಾದರಿಯ ವಾಚು. ರೋಗಿಗಳ ನಾಡಿ ಎಣಿಸಲು ಅವಳಿಗೆ ಅದೇ ಬೇಕು. ಅದು ನಿಂತುಹೋದಾಗ ಸೊಸೆಯ ಕೈಗೆ ಕೊಡದೆ ನೇರ ಅಪ್ಪನಿಗೇ ಕೊಟ್ಟಳು. ಐದು ದಿನ ಬಿಟ್ಟು ಕೇಳಿದರೆ, “ಯಾವ ವಾಚು?” ಎಂದ ಅಪ್ಪ. ತಮಾಷೆ ಎಂದುಕೊಂಡು ಅವಳು ನಕ್ಕಳು.

ಲೈನ್‌ಮನ್ ಮಾತ್ರ ನಗಲಿಲ್ಲ. ಮರುದಿನ ಮಧ್ಯಾಹ್ನ ಅಪ್ಪ ಮಲಗಿದ್ದಾಗ ವಾಚನ್ನೂ ಅಂಗಡಿಯಲ್ಲಿ ಉಳಿದಿದ್ದ ಸಲಕರಣೆಗಳನ್ನೂ ತಂದು ಹೆಂಡತಿಯ ಮುಂದಿಟ್ಟ. “ಸರಿ ಮಾಡಿಬಿಡು. ಅಪ್ಪನೇ ಮಾಡಿದ ಅಂತ ಅಕ್ಕನಿಗೆ ಹೇಳ್ತೀನಿ. ಇಬ್ಬರಿಗೂ ಮರ್ಯಾದೆ ಉಳಿಯುತ್ತೆ.”

“ಕದ್ದವಳು ಅಂತ ಹೆಸರು ಬಂದಿರೋವಾಗ ಕದ್ದು ಬಿಚ್ಚು ಅಂತೀರಾ?”

“ಅಪ್ಪನಿಗೋಸ್ಕರ.”

ಭೂತಗನ್ನಡಿ ಟ್ರಂಕಿನಲ್ಲಿತ್ತು. ಮಗಳ ಶಾಲೆಯ ಚೀಲದಲ್ಲಿ ಎಲೆಗಳ ನರ ನೋಡಲು ಕೊಟ್ಟಿದ್ದ ಪ್ಲಾಸ್ಟಿಕ್ಕಿನ ಕೆಂಪು ಮಸೂರ ಇತ್ತು. ಅಡುಗೆಮನೆಯ ಕಿಟಕಿಯ ಬೆಳಕಿಗೆ ಕೂತು, ತಟ್ಟೆಯ ಮೇಲೆ ಬಿಳಿ ಕಾಗದ ಹಾಸಿ, ಸೊಸೆ ಮುಚ್ಚಳ ಬಿಚ್ಚಿದಳು. ಬಿಗಿಯಾಗಿ ಕೂತ ಮುಚ್ಚಳ. ತಿರುಗಿಸಿ ನೋಡಿದಳು. ನಂಬರು ನಾನೂರ ಹದಿನೇಳು.

ಮಾವನ ವಾಚಿನ ಕೇಸಿನ ಮೇಲಿದ್ದದ್ದೇ. ಮಸೂರ ಹತ್ತಿರ ತಂದಳು. ಒಳಮೈಯಲ್ಲಿ ಕೂದಲೆಳೆಯಷ್ಟು ಸಣ್ಣಗೆ, ಮಾವನ ದುಂಡು ಅಕ್ಷರದಲ್ಲಿ, ಐದು ಸಾಲು:

ನಿಮಿಷದ ಮುಳ್ಳು, ಮೇಷ್ಟ್ರಿಗೆ.
ಗುಂಡಿ, ಅಂಚೆಯವನಿಗೆ.
ಬ್ಯಾಲೆನ್ಸ್, ರೈಲು ಗಾರ್ಡಿಗೆ.
ಸ್ಪ್ರಿಂಗ್ ಡಬ್ಬಿ, ಕಣ್ಣು ಹೋದ ದರ್ಜಿಯ ಹೆಂಡತಿಗೆ.
ಮುಚ್ಚಳ, ಮಗಳಿಗೆ. ಕೈ ತೊಳೆಯುವ ಕೆಲಸ, ನೀರು ಹೋಗಬಾರದು.

ಪ್ರತಿ ಸಾಲಿನ ಮುಂದೆಯೂ ತಾರೀಖು. ಕೊನೆಯದು ಅವಳು ಈ ಮನೆಗೆ ಕಾಲಿಡುವುದಕ್ಕೆ ಒಂಬತ್ತು ವರ್ಷ ಮೊದಲಿನದು.

ಸ್ಪೇರು ಬರಲು ತಿಂಗಳುಗಟ್ಟಲೆ ಕಾಯಬೇಕಿದ್ದ ಕಾಲ. ಗಿರಾಕಿಯನ್ನು ಕಾಯಿಸಲಾರದೆ ಮಾವ ತನ್ನ ವಾಚಿನಿಂದಲೇ ಒಂದೊಂದು ಭಾಗ ಕಿತ್ತು ಕೊಟ್ಟಿದ್ದ, ಆ ಜಾಗಕ್ಕೆ ಡಬ್ಬಿಯಲ್ಲಿ ಸಿಕ್ಕಿದ್ದನ್ನು ಹಾಕಿಕೊಂಡಿದ್ದ. ಕೊನೆಗೆ ಮಗಳ ವಾಚಿನ ಸಡಿಲ ಮುಚ್ಚಳ ತಾನಿಟ್ಟುಕೊಂಡು, ತನ್ನ ಬಿಗಿ ಮುಚ್ಚಳ ಅವಳಿಗೆ ಹಾಕಿದ್ದ. ಲೆಕ್ಕವೆಲ್ಲ ಮುಚ್ಚಳದ ಜೊತೆಗೇ ಹೋಗಿತ್ತು.

ಸೊಸೆಗೆ ಮೊದಲು ಬಂದದ್ದು ನಗು. ಎದ್ದು ಹೋಗಿ ಎಲ್ಲರ ಮುಖಕ್ಕೆ ಹಿಡಿಯಬೇಕು ಅನ್ನಿಸಿತು. ಬಡಗಿಗೆ, ಜೆರಾಕ್ಸ್ ಅಂಗಡಿಯವನಿಗೆ, ಎಲ್ಲರಿಗಿಂತ ಮೊದಲು ನರ್ಸಕ್ಕನಿಗೆ. ಎರಡು ಹೆಜ್ಜೆ ಇಟ್ಟಳು ಕೂಡ. ಕೋಣೆಯಲ್ಲಿ ಮಾವ ಬಾಯಿ ತೆರೆದು ಮಲಗಿದ್ದ, ಎದೆಯ ಮೇಲೆ ಬ್ರೆಡ್ಡಿನ ಚೂರು ಬಿದ್ದಿತ್ತು. ಇದನ್ನು ತೋರಿಸಿದರೆ ತನ್ನ ಹೆಸರು ತೊಳೆದುಹೋಗುತ್ತದೆ, ನಿಜ. ಜೊತೆಗೇ ಇನ್ನೊಂದೂ ತಿಳಿಯುತ್ತದೆ: ವಾಚಜ್ಜನಿಗೆ ತನ್ನ ಕೈ ಮಾಡಿದ್ದೇ ತನಗೆ ನೆನಪಿಲ್ಲ. ಅಂದು ಸಂಜೆಯೇ ಗಂಡ ಅಂಗಡಿಗೆ ಬೀಗ ಹಾಕುತ್ತಾನೆ.

ಅವಳು ವಾಪಸು ಬಂದು ಕೂತಳು. ವಾಚು ತೊಳೆದು, ಎಣ್ಣೆ ಹಾಕಿ, ನಡೆಸಿ, ಮುಚ್ಚಳ ಮುಚ್ಚಿದಳು. ಯಾರಿಗೂ ಹೇಳಲಿಲ್ಲ, ಗಂಡನಿಗೂ ಹೇಳಲಿಲ್ಲ. ಅವಳನ್ನು ಪುಣ್ಯವಂತೆ ಎಂದು ಹೊಗಳಬೇಕಾಗಿಲ್ಲ. ಆ ದಿನಗಳಲ್ಲಿ ಪಾತ್ರೆಗಳನ್ನು ಅವಳು ಇಟ್ಟ ಸದ್ದಿಗೆ ಬೆಕ್ಕು ಕೂಡ ಅಡುಗೆಮನೆಗೆ ಬರುತ್ತಿರಲಿಲ್ಲ.

ನರ್ಸಕ್ಕನಿಗೆ ಆ ವಾರ ಆಸ್ಪತ್ರೆಯಲ್ಲಿ ಭಾನುವಾರವೂ ಕೆಲಸವಿತ್ತು. ಲೈನ್‌ಮನ್ ವಾಚನ್ನು ಅವಳ ಮನೆಗೇ ಮುಟ್ಟಿಸಿ ಬಂದ. ಸೊಸೆ ವಾಚು ಬಿಚ್ಚಿದ ಹನ್ನೆರಡನೆಯ ದಿನ, ಭಾನುವಾರ ಮಧ್ಯಾಹ್ನ, ಅವಳು ಊಟಕ್ಕೆ ಬಂದಳು. ಕೈ ಮುಂದೆ ಚಾಚಿ, ಅಪ್ಪನ ಕಿವಿಗೆ ವಾಚು ಹಿಡಿದಳು.

“ಕೇಳು ಅಪ್ಪ! ಕುದುರೆ ಓಡಿದ ಹಾಗೆ ಓಡ್ತಿದೆ. ನಿನ್ನ ಕೈ ಇನ್ನೂ ಕೈಯೇ.”

“ನಾನೇನು ಮಾಡ್ದೆ?” ಎಂದ ವಾಚಜ್ಜ.

“ನೀನೇ ರಿಪೇರಿ ಮಾಡಿದ್ದಲ್ವಾ?”

ಲೈನ್‌ಮನ್ ತಟ್ಟನೆ ಸೌತೆಕಾಯಿಯ ಬಟ್ಟಲನ್ನು ಮುಂದಕ್ಕೆ ತಳ್ಳಿದ. ಅದನ್ನು ಯಾರೂ ತೆಗೆದುಕೊಳ್ಳಲಿಲ್ಲ. ವಾಚಜ್ಜ ತನ್ನ ಎರಡು ಕೈಗಳನ್ನೂ ಎತ್ತಿ ನೋಡಿಕೊಂಡ. ಅವು ಎಂದಿನಂತೆ ನಡುಗುತ್ತಿದ್ದವು.

“ನಾನಿದನ್ನ ಮಾಡಿಲ್ಲ,” ಎಂದ ನಿಧಾನವಾಗಿ. “ಎರಡು ವರ್ಷದಿಂದ ಈ ಕೈಯಲ್ಲಿ ಒಂದು ವಾಚೂ ಬಿಚ್ಚಿಲ್ಲ. ಯಾರು ಬಿಚ್ಚಿದ್ದು?”

ನರ್ಸಕ್ಕ ಸೊಸೆಯ ಕಡೆ ತಿರುಗಿದಳು. “ನನ್ನ ವಾಚಿಗೂ ಕೈ ಹಾಕಿದ್ಯಾ?”

“ಅಕ್ಕ, ನಾನೇ ಹೇಳಿದ್ದು,” ಎಂದ ಲೈನ್‌ಮನ್.

“ನೀನು ಸುಮ್ಮನಿರು. ನಿನ್ನ ಕೇಳಿಲ್ಲ.”

ವಾಚಜ್ಜ ಎದ್ದ. “ತಾ ಇಲ್ಲಿ. ಏನು ಬದಲಾಯಿಸಿದ್ದಾಳೆ ಅಂತ ಈಗಲೇ ನೋಡಿಬಿಡ್ತೀನಿ.” ಟ್ರಂಕಿನ ಬೀಗ ತೆಗೆದ ಸದ್ದು ಕೇಳಿತು. ಬಟ್ಟೆಯ ಸುರುಳಿ ತಂದು ಮೇಜಿನ ಮೇಲೆ ಬಿಡಿಸಿ, ಭೂತಗನ್ನಡಿ ಕಣ್ಣಿಗೆ ಸಿಕ್ಕಿಸಿಕೊಂಡ.

“ಮಾವ, ಬೇಡ,” ಎಂದಳು ಸೊಸೆ.

“ಯಾಕೆ ಬೇಡ?”

“ಬೇಡ ಮಾವ. ಬಿಚ್ಚಬೇಡಿ. ನಿಮ್ಮ ಕಾಲಿಗೆ ಬೀಳ್ತೀನಿ.”

“ನೋಡಿದ್ರಾ?” ಎಂದಳು ನರ್ಸಕ್ಕ. “ತಪ್ಪು ಮಾಡದವಳು ಹೀಗೆ ಹೆದರ್ತಾಳಾ?”

ಮುಚ್ಚಳ ಬಿಚ್ಚಲು ವಾಚಜ್ಜನಿಗೆ ಬಹಳ ಹೊತ್ತು ಹಿಡಿಯಿತು. ಮೂರು ಸಲ ಜಾರಿತು. ಯಾರೂ ಸಹಾಯಕ್ಕೆ ಹೋಗಲಿಲ್ಲ, ಹೋದರೆ ಸಿಡುಕುತ್ತಾನೆಂದು ಎಲ್ಲರಿಗೂ ಗೊತ್ತಿತ್ತು. ನಾಲ್ಕನೆಯ ಸಲ ಮುಚ್ಚಳ ಕಳಚಿ ತಟ್ಟೆಯ ಅಂಚಿಗೆ ಬಿತ್ತು. ಅವನು ಅದನ್ನು ಎತ್ತಿಕೊಂಡು ಕಿಟಕಿಯ ಬೆಳಕಿಗೆ ಹಿಡಿದ.

ಹಿಡಿದವನು ಹಾಗೇ ನಿಂತ.

“ಏನಿದೆ ಅಪ್ಪ?” ಎಂದಳು ನರ್ಸಕ್ಕ.

“ನಿಮಿಷದ ಮುಳ್ಳು, ಮೇಷ್ಟ್ರಿಗೆ,” ಎಂದು ಓದಿದ ವಾಚಜ್ಜ. ಎಲ್ಲ ಸಾಲನ್ನೂ ಓದಿದ, ತಾರೀಖು ಸಮೇತ, ಶಾಲೆಯ ಹುಡುಗರು ಪಾಠ ಓದುವ ಹಾಗೆ ಒಂದೊಂದೇ ಪದ ಬಿಡಿಸಿ. ಕೊನೆಯ ಸಾಲಿಗೆ ಬಂದಾಗ ನರ್ಸಕ್ಕ ಬಾಯಿಗೆ ಕೈ ಅಡ್ಡ ಹಿಡಿದಳು.

“ನನ್ನ ವಾಚಿಗೆ ನೀರು ಹೋಗ್ತಿತ್ತು,” ಎಂದಳು. “ಕೆಲಸಕ್ಕೆ ಸೇರಿದ ಹೊಸದರಲ್ಲಿ. ನಿನ್ನ ಹತ್ರ ಅತ್ತಿದ್ದೆ. ಬೆಳಗ್ಗೆ ಎದ್ದಾಗ ಸರಿಯಾಗಿತ್ತು. ಅಪ್ಪ, ಇದು ನಿನ್ನ ಮುಚ್ಚಳವಾ?”

“ನಂಬರು ನಾನೂರ ಹದಿನೇಳು,” ಎಂದ ವಾಚಜ್ಜ. “ನನ್ನ ಕೈ ಬರಹ. ನನ್ನದೇ.” ಭೂತಗನ್ನಡಿ ತೆಗೆದು, ಕಣ್ಣು ಉಜ್ಜಿಕೊಂಡು, ಮತ್ತೆ ಸಿಕ್ಕಿಸಿ ನೋಡಿದ. “ಮೇಷ್ಟ್ರಿಗೆ ಯಾಕೆ ಕೊಟ್ಟೆ? ಯಾವ ಮೇಷ್ಟ್ರು? ನೆನಪಾಗ್ತಿಲ್ಲವಲ್ಲ. ಒಂದೂ ನೆನಪಿಲ್ಲ.”

ಪಟಾಕಿ ಹೋಗಿ ಅಜ್ಜನ ಅಂಗಿಯ ತುದಿ ಹಿಡಿದು ನಿಂತಳು.

ವಾಚಜ್ಜ ಕುರ್ಚಿಯ ಮೇಲೆ ಕೂತ. ಸೊಸೆಯ ಕಡೆ ತಿರುಗಿದ. “ನೀನಿದನ್ನ ಯಾವಾಗ ನೋಡಿದೆ?”

“ಹನ್ನೆರಡು ದಿನ ಆಯ್ತು ಮಾವ.”

“ಹನ್ನೆರಡು ದಿನ! ಇದು ಕೈಯಲ್ಲಿದ್ದೂ ನನ್ನ ಕೈಲಿ ಕಳ್ಳಿ ಅನ್ನಿಸ್ಕೊಂಡೆಯಾ?”

ಅವಳು ತಲೆ ತಗ್ಗಿಸಿದಳು. ಇಷ್ಟು ದಿನ ತಡೆದಿದ್ದು ಈಗ ಉಕ್ಕಿ ಬಂತು. “ನಿಮ್ಮನ್ನ ಮನೇಲಿ ಕೂರಿಸಿಬಿಡ್ತಾರೆ ಮಾವ. ನನಗೆ ಕೆಲಸ ಕಲಿಸಿದೋರು ನೀವು,” ಎಂದು ಸೆರಗಿನಿಂದ ಮುಖ ಮುಚ್ಚಿಕೊಂಡಳು.

“ಆಗಲೂ ನೀನು ನೋಡಿ ಸುಮ್ಮನಿದ್ದೆ, ಈಗಲೂ ನೋಡಿ ಸುಮ್ಮನಿದ್ದೆ,” ಎಂದ ವಾಚಜ್ಜ. ಗದರುವ ದನಿಯೇ, ಆದರೆ ಒಡೆದಿತ್ತು. “ನಾನು ಹಾಗೆ ಕಲಿಸಿದ್ನಾ ನಿನಗೆ? ದೋಷ ಸಿಕ್ಕ ಮೇಲೆ ಏನು ಮಾಡಬೇಕು?”

“ಬರೀಬೇಕು.”

“ಬರೀದೆ ಮುಚ್ಚಿದ್ರೆ?”

“ಬರೀ ಬಿಚ್ಚೋಳು.”

ಅವನು ತನ್ನ ಕೈಯಿಂದ ವಾಚು ಬಿಚ್ಚಿ, ಅವಳ ಮುಂದೆ ಇಟ್ಟ. ಸುರುಳಿಯಿಂದ ಸೂಜಿ ತೆಗೆದು ಅದರ ಪಕ್ಕ ಇಟ್ಟ. ಭೂತಗನ್ನಡಿಯನ್ನು ಅಂಗಿಯ ತುದಿಗೆ ಒರೆಸಿ ಅವಳ ಅಂಗೈಯಲ್ಲೇ ಇಟ್ಟ. “ತೆಗೆ ಆ ಮುಚ್ಚಳ. ಮೇಣ ಕೆರೆದುಹಾಕು. ಬರಿ.”

“ಏನಂತ ಬರೀಲಿ ಮಾವ?”

“ಮರೆವು ಅಂತ ಬರಿ.”

“ಅಪ್ಪ...” ಎಂದ ಲೈನ್‌ಮನ್.

“ನೀನು ಸುಮ್ಮನಿರೋ, ಇದು ನಮ್ಮ ಕೆಲಸದ ಮಾತು. ಮರೆವು. ಮುಂದೆ ಇವತ್ತಿನ ತಾರೀಖು. ನಾಳೆ ಯಾರು ಬಿಚ್ಚಿದ್ರೂ ಗೊತ್ತಾಗಲಿ, ದೋಷ ನಿನ್ನ ಕೈಯದ್ದಲ್ಲ ಅಂತ.”

ಸೊಸೆ ಕಣ್ಣೊರೆಸಿಕೊಂಡು ಕಿಟಕಿಯ ಹತ್ತಿರ ಕೂತಳು. ಸೂಜಿಯ ಕೀಚು ಸದ್ದು ಬಿಟ್ಟರೆ ಮನೆಯಲ್ಲಿ ಬೇರೆ ಸದ್ದಿರಲಿಲ್ಲ. ನರ್ಸಕ್ಕ ಎದ್ದು ಬಂದು ಅವಳ ಪಕ್ಕ ನಿಂತು, ಬೆಳಕಿಗೆ ಅಡ್ಡವಾದೆನೆಂದು ಗೊತ್ತಾಗಿ ಈ ಕಡೆ ಸರಿದಳು. ಆಮೇಲೆ ಸೊಸೆಯ ಹೆಗಲ ಮೇಲೆ ಕೈ ಇಟ್ಟಳು.

“ಅಕ್ಕ, ಅಲ್ಲಾಡಿಸಬೇಡಿ,” ಎಂದಳು ಸೊಸೆ. ನರ್ಸಕ್ಕ ಅಳುತ್ತಲೇ ನಕ್ಕುಬಿಟ್ಟಳು.

ಬರೆದದ್ದನ್ನು ವಾಚಜ್ಜ ತರಿಸಿಕೊಂಡು ನೋಡಿದ. “ಕೊನೇ ಅಕ್ಷರ ಸೊಟ್ಟಗಿದೆ.”

“ಕಣ್ಣು ಮಂಜಾಗಿತ್ತು ಮಾವ.”

“ಇರಲಿ. ಓದೋಕೆ ಬರುತ್ತೆ.” ವಾಚು ಕಟ್ಟಿಕೊಳ್ಳಲು ನೋಡಿದ. ಆಗದೆ ಕೈ ಚಾಚಿದಾಗ ಪಟಾಕಿ ಪಟ್ಟಿ ಬಿಗಿದಳು. “ನಾಳೆ ಅಂಗಡೀಲಿ ಕುರ್ಚಿ ಇವಳದ್ದು. ನನಗೊಂದು ಸ್ಟೂಲು ಹಾಕಿಸಿ. ರಸ್ತೆ ಇವಳ ಜೊತೆ ದಾಟ್ತೀನಿ. ಆಯ್ತೇನಪ್ಪಾ?”

ಲೈನ್‌ಮನ್ ತಲೆಯಾಡಿಸಿದ.

ಮೇಜಿನ ಮೇಲೆ ಅನ್ನ ಆರಿತ್ತು. ಸೊಸೆ ಸಾರನ್ನು ಮತ್ತೆ ಬಿಸಿ ಮಾಡಿ ತಂದಳು. ದಿನಾ ಇಟ್ಟು ದಿನಾ ತೆಗೆಯುತ್ತಿದ್ದ ತಟ್ಟೆ ಇವತ್ತೂ ಅದರ ಜಾಗದಲ್ಲೇ ಇತ್ತು. ವಾಚಜ್ಜ ಅದನ್ನೇ ನೋಡುತ್ತ ಕೂತಿದ್ದ. ಇಷ್ಟು ದಿನ ಅವನು ಮರೆತದ್ದನ್ನು ಯಾರಿಗೂ ತೋರಿಸದೆ, ಯಾರನ್ನೂ ಕೇಳದೆ, ಬ್ರೆಡ್ಡಿನ ಮೇಲೆ ಬ್ರೆಡ್ಡು ತಂದಿದ್ದ. ಈಗ ತಲೆ ಎತ್ತಿ, ಸಣ್ಣ ದನಿಯಲ್ಲಿ, ಅವಳೊಬ್ಬಳಿಗೇ ಕೇಳುವ ಹಾಗೆ ಕೇಳಿದ:

“ನಾನು ಊಟ ಮಾಡಿದ್ನಾ?”

“ಇಲ್ಲ ಮಾವ. ಇನ್ನೂ ಮಾಡಿಲ್ಲ.”

“ಹಾಗಾದ್ರೆ ಬಡಿಸು,” ಎಂದ ವಾಚಜ್ಜ.